ನಾಬೋತನ ಊರಿನ ಹಿರಿಯರು: ಒಕ್ಕಲೆಬ್ಬಿಸುವಿಕೆಯ ಮುಂದೆ ಸಭೆ ಮತ್ತು ಸಮುದಾಯ ಸಂಘಟಕರು

ಇಜ್ರೇಲಿನ ನಾಬೋತನ ವೃತ್ತಾಂತವನ್ನು (1 ಅರಸು 21) ನಾವು ಸಾಮಾನ್ಯವಾಗಿ ಎಲೀಯನಿಗಾಗಿ ಓದುತ್ತೇವೆ. ಅರಸನ ಎದುರಿಗೆ ನಿಂತು ನ್ಯಾಯತೀರ್ಪನ್ನು ಸಾರುವ ಪ್ರವಾದಿಯ ಧೈರ್ಯವು ಪ್ರಸಂಗಪೀಠಕ್ಕೆ ಒಪ್ಪುವ ವಸ್ತು. ಆದರೆ ಎಲೀಯನು ದ್ರಾಕ್ಷಾತೋಟಕ್ಕೆ ಬಂದು ಸೇರುವ ಹೊತ್ತಿಗೆ ನಾಬೋತನು ಸತ್ತುಹೋಗಿದ್ದನು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಪ್ರವಾದಿಯ ಮಾತು ಸತ್ಯವಾಗಿತ್ತು. ಅದು ತಡವಾಗಿಯೂ ಬಂದಿತು. ಅದಕ್ಕೆ ಮೊದಲು ನಡೆದುದೆಲ್ಲವೂ ಕ್ರಮಬದ್ಧವಾಗಿಯೇ ನಡೆದಿತ್ತು. ಅರಸನ ಮುದ್ರೆಯುಳ್ಳ ಪತ್ರಗಳು ಬಂದವು, ಉಪವಾಸವನ್ನು ಸಾರಲಾಯಿತು, ಸಭೆ ಕೂಡಿತು, ಧರ್ಮಶಾಸ್ತ್ರವು ಕೇಳುವಷ್ಟು ಸಂಖ್ಯೆಯ ಸಾಕ್ಷಿಗಳೂ ಇದ್ದರು. ಆ ಪತ್ರಗಳನ್ನು ಓದಿ, ಅವುಗಳಲ್ಲಿ ಬರೆದಿದ್ದಂತೆಯೇ ಮಾಡಿದವರು ಹೊರಗಿನ ದಂಡಾಳುಗಳಲ್ಲ. ನಾಬೋತನು ವಾಸವಾಗಿದ್ದ ಊರಿನ ಹಿರಿಯರೂ ಪ್ರಮುಖರೂ ಅವರೇ. ನಾಬೋತನನ್ನು ಹೆಸರು ಹಿಡಿದು ಬಲ್ಲವರು ಅವರು.

ಈ ಲೇಖನವು ಆ ಹಿರಿಯರನ್ನು ಕುರಿತದ್ದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಪಟ್ಟಣಗಳ ಸಭೆಗಳಿಗೆ ಸೇವೆಗೆಂದು ಹೋಗುವ ನಮ್ಮ ವಿದ್ಯಾರ್ಥಿಗಳು ಎಲೀಯರಾಗುವ ಸಂದರ್ಭ ಅಪರೂಪ. ಊರಿನ ಹಿರಿಯರಾಗುವ ಸಂದರ್ಭ ಮಾತ್ರ ಅನುದಿನದ್ದು. ಬಡವರ ಕೇರಿಗೆ ತೆರವಿನ ನೋಟೀಸು ಬಂದಾಗ ಸಭಾಪಾಲಕರ ಮನೆಯ ಬಾಗಿಲನ್ನೂ ಯಾರಾದರೂ ಒಬ್ಬರು ತಟ್ಟುತ್ತಾರೆ. ಆ ಹೊತ್ತಿನಲ್ಲಿ ನಾವು ಏನನ್ನು ತಿಳಿದಿರಬೇಕು, ಯಾರ ಜೊತೆ ನಿಲ್ಲಬೇಕು, ನಮ್ಮ ಪಾಲು ಎಷ್ಟು ಎಂಬುದನ್ನು ವಿವರಿಸುವುದು ನಮ್ಮ ಉದ್ದೇಶ. ಎಲೀಯನ ಮೇಲೆ ಪ್ರಸಂಗ ಮಾಡುವುದನ್ನು ನಾವು ಕಲಿಸುತ್ತೇವೆ, ನೋಟೀಸನ್ನು ಓದುವುದನ್ನು ಕಲಿಸುವುದಿಲ್ಲ. ಇದು ನಮ್ಮದೇ ಪಠ್ಯಕ್ರಮದ ಕೊರತೆಯೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ.

ಪದಗಳಿಂದಲೇ ಆರಂಭಿಸೋಣ. ಸರ್ಕಾರಿ ಕಾಗದಗಳಲ್ಲಿ ಬಳಕೆಯಾಗುವ ಪದ ‘ತೆರವು’. ಅದರಲ್ಲಿ ಜಾಗ ಮಾತ್ರ ಕಾಣುತ್ತದೆ. ಏನೋ ಅಡ್ಡವಾಗಿತ್ತು, ಅದನ್ನು ತೆಗೆಯಲಾಯಿತು, ಅಷ್ಟೇ. ಜನರ ಬಾಯಲ್ಲಿರುವ ಪದ ‘ಒಕ್ಕಲೆಬ್ಬಿಸುವುದು’. ಇಲ್ಲಿ ಒಕ್ಕಲು, ಎಂದರೆ ಒಲೆ ಹೂಡಿ ಬಾಳುತ್ತಿರುವ ಒಂದು ಸಂಸಾರ, ಪದದೊಳಗೇ ಕುಳಿತಿದೆ. ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿಯು 1997ರಲ್ಲಿ ತನ್ನ 7ನೆಯ ಸಾಮಾನ್ಯ ಟಿಪ್ಪಣಿಯಲ್ಲಿ ನೀಡಿದ ವಿವರಣೆಯೂ ಜನರ ಮಾತಿಗೆ ಹತ್ತಿರವಾಗಿದೆ. ತಕ್ಕ ಕಾನೂನು ರಕ್ಷಣೆಯನ್ನಾಗಲಿ ಬೇರೆ ರಕ್ಷಣೆಯನ್ನಾಗಲಿ ಒದಗಿಸದೆ, ವ್ಯಕ್ತಿಗಳನ್ನೋ ಕುಟುಂಬಗಳನ್ನೋ ಸಮುದಾಯಗಳನ್ನೋ ಅವರ ಇಚ್ಛೆಗೆ ವಿರುದ್ಧವಾಗಿ ಅವರಿರುವ ಮನೆಯಿಂದ ಅಥವಾ ನೆಲದಿಂದ ಹೊರಹಾಕುವುದೇ ಬಲವಂತದ ಒಕ್ಕಲೆಬ್ಬಿಸುವಿಕೆ. ಅದು ಶಾಶ್ವತವೋ ತಾತ್ಕಾಲಿಕವೋ ಎಂಬುದು ಮುಖ್ಯವಲ್ಲ. ಆ ಟಿಪ್ಪಣಿಗೆ ಆಧಾರವಾದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 1979ರಲ್ಲಿ ಒಪ್ಪಿಕೊಂಡಿದೆ.

ಬೆಂಗಳೂರಿನ ಎರಡು ಜನವರಿಗಳು

ನಮ್ಮ ನಾಡಿನ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯದು ಈಜಿಪುರದ್ದು. ಬೆಂಗಳೂರಿನ ಕೋರಮಂಗಲದ ಬಳಿ 1990ರ ದಶಕದ ಆರಂಭದಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆಂದು ನಗರಪಾಲಿಕೆಯು ವಸತಿ ಸಮುಚ್ಚಯವನ್ನು ಕಟ್ಟಿಸಿತ್ತು. ಕಟ್ಟಡಗಳು ಕಳಪೆಯಾಗಿದ್ದುದರಿಂದ ಒಂದೊಂದಾಗಿ ಕುಸಿಯತೊಡಗಿದವು. ಮನೆ ಕಳೆದುಕೊಂಡವರು ಅದೇ ಆವರಣದಲ್ಲಿ ತಗಡಿನ ಶೆಡ್ಡುಗಳನ್ನು ಹಾಕಿಕೊಂಡು ಉಳಿದರು. ಮುಂದೆ ಖಾಸಗಿ ಸಹಭಾಗಿತ್ವದ ಯೋಜನೆಯೊಂದು ರೂಪುಗೊಂಡು, ಬಡವರಿಗಾಗಿ ಮೀಸಲಿದ್ದ ಆ ನೆಲದ ಸುಮಾರು ಅರ್ಧಭಾಗವನ್ನು ವಾಣಿಜ್ಯ ಕಟ್ಟಡಕ್ಕೆ ಬಿಟ್ಟುಕೊಡುವ ಒಪ್ಪಂದವಾಯಿತು. ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ತೆರವಿಗೆ ಆದೇಶ ದೊರೆಯಿತು. 2013ರ ಜನವರಿ 18ರಿಂದ ನಾಲ್ಕು ದಿನಗಳಲ್ಲಿ, ಪೊಲೀಸ್ ಬಂದೋಬಸ್ತಿನಲ್ಲಿ, ಜೆಸಿಬಿಗಳು ಸುಮಾರು 1,500 ಕುಟುಂಬಗಳ ನೆಲೆಯನ್ನು ನೆಲಸಮಗೊಳಿಸಿದವು. ಪ್ರತಿಭಟಿಸಿದ ಹೆಂಗಸರನ್ನೂ ಕಾರ್ಯಕರ್ತರನ್ನೂ ಪೊಲೀಸರು ಬಂಧಿಸಿದರು. ಚಳಿಗಾಲದಲ್ಲಿ ಮಕ್ಕಳೊಂದಿಗೆ ಪಾದಚಾರಿ ಮಾರ್ಗದ ಮೇಲೆ ಕುಳಿತ ಅನೇಕ ಸಂಸಾರಗಳು ತಿಂಗಳುಗಟ್ಟಲೆ ಅಲ್ಲಿಯೇ ಇದ್ದವು.

ಎರಡನೆಯದು 2020ರ ಜನವರಿಯದು. ಬೆಳ್ಳಂದೂರಿನ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಖಾಸಗಿ ಜಮೀನಿನ ಮೇಲೆ ಬಾಡಿಗೆ ಕೊಟ್ಟು ಗುಡಿಸಲು ಹಾಕಿಕೊಂಡಿದ್ದ ಕೂಲಿಕಾರರನ್ನು ಅಕ್ರಮ ಬಾಂಗ್ಲಾದೇಶಿಗಳೆಂಬ ಆರೋಪದ ಮೇಲೆ ಎಬ್ಬಿಸಿ, ಗುಡಿಸಲುಗಳನ್ನು ಕೆಡವಲಾಯಿತು. ಅವರಲ್ಲಿ ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರೇ ಬಹಳ ಮಂದಿ ಇದ್ದರು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯು ಹೈಕೋರ್ಟಿನ ಮೊರೆಹೋಯಿತು. ಅದೇ ಫೆಬ್ರವರಿಯಲ್ಲಿ ನ್ಯಾಯಾಲಯವು ಪೊಲೀಸರ ಕ್ರಮ ಕಾನೂನುಬಾಹಿರವೆಂದೂ, ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆಯೆಂದೂ ಹೇಳಿ, ಪುನರ್ವಸತಿಯ ಬಗ್ಗೆ ರಾಜ್ಯವನ್ನು ಹೊಣೆಯಾಗಿಸಿತು.

ಮೊದಲನೆಯ ಪ್ರಸಂಗದಲ್ಲಿ ಆದೇಶವಿತ್ತು, ಎರಡನೆಯದರಲ್ಲಿ ಇರಲಿಲ್ಲ. ಮಗುವನ್ನು ಎತ್ತಿಕೊಂಡು ರಸ್ತೆಗೆ ಬಂದ ತಾಯಿಗೆ ಈ ವ್ಯತ್ಯಾಸದಿಂದ ಆ ರಾತ್ರಿ ಏನೂ ಸಿಗಲಿಲ್ಲ. ಆದರೂ ವ್ಯತ್ಯಾಸ ಮುಖ್ಯವಾದದ್ದು. ಕಾನೂನು ಮುರಿದಲ್ಲಿ ಕಾನೂನನ್ನೇ ಹಿಡಿದು ಕೇಳಬಹುದು. ಕಾನೂನಿನ ಪ್ರಕಾರವೇ ಅನ್ಯಾಯವಾದಲ್ಲಿ ಬೇರೊಂದು ಬಲ ಬೇಕು. ನಾಬೋತನದು ಎರಡನೆಯ ಬಗೆಯದು. ಈಜಿಪುರವನ್ನು ನಾವು ಅದರ ಪಕ್ಕದಲ್ಲಿಯೇ ಇಡುತ್ತೇವೆ, ಅಲ್ಲಿ ಸುಳ್ಳು ಸಾಕ್ಷಿಯಿತ್ತೆಂದಲ್ಲ; ಮುದ್ರೆ, ಕಾಗದ, ಕ್ರಮ ಎಲ್ಲವೂ ಇದ್ದೂ ಬಡವನ ಪಿತ್ರಾರ್ಜಿತವು ಬಲ್ಲಿದನ ಯೋಜನೆಗೆ ಜಾಗವಾಗಬಲ್ಲದು ಎಂಬ ಕಾರಣಕ್ಕೆ. ಮನೆಗೆ ಮನೆಯನ್ನು ಸೇರಿಸುವವರ ಮೇಲೆ ಯೆಶಾಯನೂ (5:8), ಹಾಸಿಗೆಯ ಮೇಲೆ ಮಲಗಿ ಹೊಲಮನೆಗಳನ್ನು ಕಸಿಯುವ ಯೋಚನೆ ಮಾಡುವವರ ಮೇಲೆ ಮೀಕನೂ (2:1–2) ಹೇಳಿದ್ದು ಕಳ್ಳಕಾಕರನ್ನು ಕುರಿತಲ್ಲ, ಅಧಿಕಾರ ಕೈಯಲ್ಲಿದ್ದವರನ್ನು ಕುರಿತು.

ಜಾಗ ಯಾರದು?

ಸಮುದಾಯ ಸಂಘಟಕರು ಕೇರಿಗೆ ಬಂದರೆ ಮೊದಲು ಕೇಳುವ ಪ್ರಶ್ನೆ ಇದು, ಸಭಾಪಾಲಕರೂ ಇದನ್ನೇ ಮೊದಲು ಕೇಳಬೇಕು. ಏಕೆಂದರೆ ಯಾವ ಕಾನೂನು, ಯಾವ ಕಚೇರಿ ಎಂಬುದು ಜಾಗದಿಂದಲೇ ನಿರ್ಧಾರವಾಗುತ್ತದೆ. ನಮ್ಮ ನಾಲ್ಕು ಪಟ್ಟಣಗಳಲ್ಲೇ ಎಷ್ಟು ಬಗೆಗಳಿವೆ ನೋಡಿ. ಚಿತ್ರದುರ್ಗದ ಕೋಟೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ತಪ್ಪಲಿನಲ್ಲಿ ತಲೆಮಾರುಗಳಿಂದ ಇರುವ ಬಡವನು ಸೋರುವ ಮಾಡನ್ನು ಬದಲಿಸಬೇಕಾದರೂ ಈ ಗೆರೆಗಳ ಲೆಕ್ಕಕ್ಕೆ ಬರುತ್ತಾನೆ. ಹಿರಿಯೂರು ಹೆದ್ದಾರಿಗಳು ಕೂಡುವ ಊರು. ವೇದಾವತಿಯ ದಡದ್ದೂ ಹೌದು. ಅಲ್ಲಿ ಹೆದ್ದಾರಿಯ ಅಂಚು, ನದಿಯ ಅಂಚು ಎರಡೂ ಪ್ರಶ್ನೆಗಳಾಗುತ್ತವೆ. ಹೊಳಲ್ಕೆರೆ ತಾಲ್ಲೂಕಿನಲ್ಲಿ ರೈಲುಹಳಿ ಹಾದುಹೋಗುತ್ತದೆ. ರೈಲ್ವೆ ಜಮೀನಿಗೆ ಕೇಂದ್ರದ ಕಾನೂನು, ಕೇಂದ್ರದ ಅಧಿಕಾರಿ. ಇವುಗಳ ಜೊತೆಗೆ ಎಲ್ಲ ಊರುಗಳಲ್ಲೂ ಇರುವ ಗೋಮಾಳ, ಖರಾಬು, ಕೆರೆಯಂಗಳ, ನಗರಸಭೆಯ ಸ್ವತ್ತು, ಖಾಸಗಿ ಜಮೀನು. ಬಯಲಿನಲ್ಲಿ ಗುಡಾರ ಹಾಕಿಕೊಂಡಿರುವ ಅಲೆಮಾರಿ ಕುಟುಂಬಗಳನ್ನು ಮರೆಯಬಾರದು. ಗುಡಾರಕ್ಕೆ ಮನೆ ನಂಬರಿಲ್ಲ. ನಂಬರಿಲ್ಲದ ಮನೆಗೆ ನೋಟೀಸು ಅಂಟಿಸುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ.

ಕೇರಿಯನ್ನು 1973ರ ಕರ್ನಾಟಕ ಕೊಳಚೆ ಪ್ರದೇಶಗಳ (ಅಭಿವೃದ್ಧಿ ಮತ್ತು ನಿರ್ಮೂಲನ) ಅಧಿನಿಯಮದಡಿ ಕೊಳಚೆ ಪ್ರದೇಶವೆಂದು ಘೋಷಿಸಲಾಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಹೆಸರು ಕೇಳಲು ಹಿತವಲ್ಲ; ಆದರೆ ಘೋಷಣೆಯಾದ ಕೇರಿಗೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಡತದಲ್ಲಿ ಒಂದು ಅಸ್ತಿತ್ವ ಬರುತ್ತದೆ, ಸೌಲಭ್ಯಕ್ಕೂ ಮುಂದೆ ಹಕ್ಕುಪತ್ರಕ್ಕೂ ದಾರಿಯಾಗುತ್ತದೆ. ಘೋಷಣೆಯಾಗದ ಕೇರಿ ಸರ್ಕಾರದ ಕಣ್ಣಿಗೆ ಬರಿಯ ಒತ್ತುವರಿ. 2011ರ ಜನಗಣತಿಯು ಕರ್ನಾಟಕದಲ್ಲಿ ಸುಮಾರು 33 ಲಕ್ಷ ಕೊಳಗೇರಿ ನಿವಾಸಿಗಳನ್ನು ಎಣಿಸಿತು. ಎಣಿಕೆಗೆ ಸಿಕ್ಕದ ಗುಡಾರಗಳು ಆ ಲೆಕ್ಕದ ಹೊರಗೆ. ನಗರ ಪ್ರದೇಶದ ಸರ್ಕಾರಿ ಜಮೀನಿನಲ್ಲಿ ನಿಗದಿತ ದಿನಾಂಕಕ್ಕೆ ಮುನ್ನ ಕಟ್ಟಿಕೊಂಡ ವಾಸದ ಮನೆಗಳನ್ನು ಸಕ್ರಮಗೊಳಿಸಲು ಭೂಕಂದಾಯ ಅಧಿನಿಯಮದ 94-ಸಿಸಿ ಕಲಂ ಇದೆ. ಅರ್ಜಿ ಹಾಕುವ ಅವಧಿ ಮುಗಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ನ್ಯಾಯಾಲಯದ ತೀರ್ಪುಗಳಲ್ಲಿ ಎರಡನ್ನು ನಮ್ಮ ಓದುಗರು ತಿಳಿದಿರಲೇಬೇಕು. 1985ರ ಜುಲೈ 10ರಂದು ಸುಪ್ರೀಂ ಕೋರ್ಟು ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ (ಓಲ್ಗಾ ಟೆಲ್ಲಿಸ್ ಪ್ರಕರಣವೆಂದು ಪ್ರಸಿದ್ಧ) ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತು. ಇದನ್ನು ವೇದಿಕೆಗಳ ಮೇಲೆ ಬಹಳ ಉತ್ಸಾಹದಿಂದ ಹೇಳಲಾಗುತ್ತದೆ. ತೀರ್ಪಿನ ಉಳಿದರ್ಧವನ್ನು ಹೇಳುವವರು ಕಡಮೆ. ಸಾರ್ವಜನಿಕ ಮಾರ್ಗದ ಮೇಲೆ ನೆಲೆಸುವ ಹಕ್ಕು ಯಾರಿಗೂ ಇಲ್ಲವೆಂದೂ, ನೋಟೀಸು ಕೊಟ್ಟು ಕ್ರಮದಂತೆ ಎಬ್ಬಿಸಬಹುದೆಂದೂ ಅದೇ ತೀರ್ಪು ಹೇಳಿದೆ. ಮಳೆಗಾಲ ಮುಗಿಯುವವರೆಗೆ ಕಾಯಬೇಕೆಂದಿತು, 1976ರ ಗಣತಿಯ ಚೀಟಿ ಇದ್ದವರಿಗೆ ಬದಲಿ ಜಾಗ ಕೊಡಬೇಕೆಂದಿತು. ಚೀಟಿಯೊಂದರ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ಇನ್ನೊಂದು, 2024ರ ನವೆಂಬರ್ 13ರ ತೀರ್ಪು. ಯಾವುದೇ ಕಟ್ಟಡವನ್ನು ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟೀಸು, ಅಹವಾಲು ಆಲಿಸುವಿಕೆ, ಕಾರಣಸಹಿತ ಆದೇಶ ಇವೆಲ್ಲ ಕಡ್ಡಾಯವೆಂದು ಅದು ವಿಧಿಸಿತು. ಆದರೆ ರಸ್ತೆ, ಪಾದಚಾರಿ ಮಾರ್ಗ, ರೈಲುಹಳಿಯ ಪಕ್ಕ, ನದಿ ಅಥವಾ ಜಲಮೂಲದಂಥ ಸಾರ್ವಜನಿಕ ಸ್ಥಳದ ಅನಧಿಕೃತ ಕಟ್ಟಡಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ಕಡುಬಡವರು ಬಹುಮಟ್ಟಿಗೆ ನೆಲೆಸಿರುವುದು ಈ ಹೊರಗಿಟ್ಟ ಪಟ್ಟಿಯಲ್ಲೇ. ಆದ್ದರಿಂದ ತೀರ್ಪಿನ ಪ್ರತಿಯನ್ನು ಕೈಯಲ್ಲಿ ಹಿಡಿದು ಜನರಿಗೆ ಇಲ್ಲದ ಭರವಸೆಯನ್ನು ಕೊಡುವುದು ದ್ರೋಹವಾದೀತು. ಬೀದಿಬದಿ ವ್ಯಾಪಾರಿಗಳ ಮಾತು ಬೇರೆ. ಅವರಿಗೆ 2014ರ ಕಾಯ್ದೆಯಿದೆ, ಸಮೀಕ್ಷೆ ಮುಗಿಯುವವರೆಗೆ ಅವರನ್ನು ಎಬ್ಬಿಸುವಂತಿಲ್ಲ.

ಸಂಘಟಕರು ಮಾಡುವುದೇನು?

ಸಮುದಾಯ ಸಂಘಟನೆ ಎಂಬ ಕಾರ್ಯಪದ್ಧತಿಗೆ ಸಭೆಯೊಂದಿಗೆ ಹಳೆಯ ನಂಟಿದೆ. 1939ರಲ್ಲಿ ಶಿಕಾಗೋದ ಕಸಾಯಿಖಾನೆಗಳ ಹಿಂದಿನ ಬಡ ಬಡಾವಣೆಯಲ್ಲಿ ಸೋಲ್ ಅಲಿನ್ಸ್ಕಿ ನೆರೆಹೊರೆಯ ಮಂಡಳಿಯನ್ನು ಕಟ್ಟಿದಾಗ ಬಿಷಪ್ ಬರ್ನಾರ್ಡ್ ಶೀಲ್ ಅವರು ಬೆಂಬಲವಾಗಿ ನಿಂತರು. 1970ರಲ್ಲಿ ಮನಿಲಾದ ಟೋಂಡೋ ಎಂಬ ಕಡಲಂಚಿನ ಕೊಳಗೇರಿಯಲ್ಲಿ ಹುಟ್ಟಿದ ಜನಸಂಘಟನೆಯ ಹಿಂದೆ ಕಥೋಲಿಕರೂ ಪ್ರಾಟೆಸ್ಟೆಂಟರೂ ಒಟ್ಟಾಗಿ ತರಬೇತುಗೊಳಿಸಿದ ಸಂಘಟಕರಿದ್ದರು. ಏಷ್ಯದ ಅನೇಕ ದೇಶಗಳಿಗೆ ಈ ಪದ್ಧತಿ ಹರಡಿದ್ದು ಅಲ್ಲಿಂದ. ಕರ್ನಾಟಕದಲ್ಲಿ 1985ರಲ್ಲಿ ವಿಮೆನ್ಸ್ ವಾಯ್ಸ್ ಸಂಸ್ಥೆಯನ್ನು ಆರಂಭಿಸಿ ಕೊಳಗೇರಿಯ ಮತ್ತು ಮನೆಗೆಲಸದ ಹೆಂಗಸರನ್ನು ಸಂಘಟಿಸಿದ ರೂತ್ ಮನೋರಮಾ ಅವರು ನಮ್ಮ ಸಭೆಗಳ ಮಗಳು. ಸ್ಲಂ ಜನಾಂದೋಲನ–ಕರ್ನಾಟಕದಂಥ ಸಂಘಟನೆಗಳೂ, ಕೊಳಗೇರಿಯವರೇ ಆದ ಐಸಾಕ್ ಅರುಳ್ ಸೆಲ್ವ ಅವರ ಸಂಪಾದಕತ್ವದ ‘ಸ್ಲಂ ಜಗತ್ತು’ ಪತ್ರಿಕೆಯೂ ಕೇರಿಯ ಜನ ತಮ್ಮ ಮಾತನ್ನು ತಾವೇ ಆಡುವ ದಾರಿಯನ್ನು ತೆರೆದವು.

ಈ ಕಡೆಯ ಮಾತಿನಲ್ಲಿ ಪದ್ಧತಿಯ ತಿರುಳಿದೆ. ಸಂಘಟಕರು ಜನರ ಪರವಾಗಿ ಮಾತಾಡುವವರಲ್ಲ, ಜನ ಮಾತಾಡುವಂತೆ ಕೂಡಿಸುವವರು. ಅವರ ದಿನನಿತ್ಯದ ಕೆಲಸ ನೋಡುವವರಿಗೆ ಸಪ್ಪೆಯಾಗಿ ಕಾಣುತ್ತದೆ. ಸಂಜೆ ಕೆಲಸದಿಂದ ಜನ ಹಿಂತಿರುಗಿದ ಮೇಲೆ ಮನೆಮನೆಗೆ ಹೋಗುವುದು. ಎಷ್ಟು ಮನೆ, ಎಷ್ಟು ವರ್ಷದಿಂದ, ಯಾರ ಬಳಿ ಯಾವ ಕಾಗದ ಎಂದು ಬರೆದುಕೊಳ್ಳುವುದು. ಪಡಿತರ ಚೀಟಿ, ಮತದಾರರ ಚೀಟಿ, ವಿದ್ಯುತ್ ಬಿಲ್ಲು, ಕಂದಾಯದ ರಸೀದಿ, ಮಕ್ಕಳ ಶಾಲಾ ದಾಖಲೆ ಇವುಗಳ ನಕಲು ಮಾಡಿಸಿ ಬೇರೆ ಕಡೆ ಇಡುವುದು. ಮಾಹಿತಿ ಹಕ್ಕಿನಲ್ಲಿ ಕಡತ ಕೇಳುವುದು. ನಗರಸಭೆಗೆ, ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಹೋಗುವಾಗ ಮುಖಂಡನೊಬ್ಬನೇ ಹೋಗದೆ ಹತ್ತು ಹೆಂಗಸರು ಹೋಗುವಂತೆ, ಅವರಲ್ಲಿ ಯಾರು ಏನು ಹೇಳಬೇಕೆಂದು ಹಿಂದಿನ ರಾತ್ರಿಯೇ ಆಡಿಸಿ ನೋಡುವುದು. ಕೊಟ್ಟ ಮನವಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು. ಜೆಸಿಬಿ ಬಂದ ದಿನ ಎದುರಿಗೆ ನಿಲ್ಲುವುದು ಈ ಸರಣಿಯ ಕಟ್ಟಕಡೆಯ ಕೊಂಡಿ. ಆ ದಿನ ಮಾತ್ರ ಬರುವವರನ್ನು ಜನ ಬೇಗ ಗುರುತಿಸುತ್ತಾರೆ.

ಕಾಗದವನ್ನು ಕಾಪಾಡುವುದು ಆತ್ಮಿಕ ಕೆಲಸವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಯೆರೆಮೀಯ 32ನ್ನು ಓದಿರಿ ಎನ್ನುತ್ತೇವೆ. ಪಟ್ಟಣಕ್ಕೆ ಮುತ್ತಿಗೆ ಬಿದ್ದಿರುವಾಗ ಪ್ರವಾದಿಯು ಅನಾತೋತಿನ ಹೊಲವನ್ನು ಕೊಂಡು, ಬೆಳ್ಳಿಯನ್ನು ತೂಗಿಕೊಟ್ಟು, ಸಾಕ್ಷಿ ಹಾಕಿಸಿ, ಮುದ್ರೆಯಾದ ಪತ್ರವನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡಲು ಬಾರೂಕನಿಗೆ ಹೇಳುತ್ತಾನೆ. ನಿರೀಕ್ಷೆಗೆ ಅಲ್ಲಿ ಕ್ರಯಪತ್ರದ ರೂಪವಿದೆ. ಕೇರಿಯ ತಗಡಿನ ಟ್ರಂಕಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟ ಹಕ್ಕುಪತ್ರವನ್ನು ಕಂಡವರಿಗೆ ಆ ಗಡಿಗೆ ಅಪರಿಚಿತವಲ್ಲ.

ಸಂಘಟನೆಗೆ ಸತ್ಯವೇದದಲ್ಲಿ ಮಾದರಿ ಬೇಕಾದರೆ ಐಗುಪ್ತದಿಂದ ಜನರನ್ನು ಹೊರತಂದ ಮೋಶೆಯನ್ನು ನಾವು ಮೊದಲು ನೆನೆಯುತ್ತೇವೆ. ಚಲ್ಪಹಾದನ ಐವರು ಹೆಣ್ಣುಮಕ್ಕಳು (ಅರಣ್ಯಕಾಂಡ 27) ಅದಕ್ಕಿಂತ ಹತ್ತಿರದ ಮಾದರಿ ಎಂಬುದು ನಮ್ಮ ಅಭಿಪ್ರಾಯ. ಅವರು ಒಟ್ಟಾಗಿ ಬಂದರು; ದೇವದರ್ಶನದ ಗುಡಾರದ ಬಾಗಿಲಲ್ಲಿ, ಮೋಶೆಯೂ ಯಾಜಕನೂ ಅಧಿಪತಿಗಳೂ ಸರ್ವಸಮೂಹವೂ ಇರುವಾಗ ನಿಂತರು; ತಮ್ಮ ತಂದೆಯ ಹೆಸರು ಕುಲದಿಂದ ಅಳಿದುಹೋಗುವುದೇಕೆ ಎಂದು ಕೇಳಿ, ಭೂಮಿಯ ಪಾಲನ್ನು ಬೇಡಿದರು. ಅವರಿಗಾಗಿ ಬೇರೆ ಯಾರೂ ಮಾತಾಡಲಿಲ್ಲ. ಅವರು ಕೇಳಿದ್ದು ಸರಿ ಎಂದು ಕರ್ತನೇ ಹೇಳಿದನು, ವಿಧಿ ಬದಲಾಯಿತು. ಮೋಶೆಯ ಪಾತ್ರ ಇಲ್ಲಿ ಚಿಕ್ಕದು, ಆದರೆ ಸಭಾಪಾಲಕರಿಗೆ ಬಹಳ ಉಪಯೋಗವಾದದ್ದು: ಅವನು ಅವರನ್ನು ಗದರಿಸಿ ಕಳುಹಿಸಲಿಲ್ಲ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ನಟಿಸಲಿಲ್ಲ, ವ್ಯಾಜ್ಯವನ್ನು ಎಲ್ಲಿಗೆ ಒಯ್ಯಬೇಕೋ ಅಲ್ಲಿಗೆ ಒಯ್ದನು.

ಅಧಿಕಾರಿಗಳಿಗೆ ಅಧೀನರಾಗಿರಬೇಕೆಂಬ ರೋಮಾಪುರ 13ರ ಮಾತನ್ನು ಮುಂದಿಟ್ಟು ಹಿಂಜರಿಯುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ಹಿಂಜರಿಕೆ ಪ್ರಾಮಾಣಿಕವಾದದ್ದೇ. ಆ ಪತ್ರವನ್ನು ಬರೆದ ಅಪೊಸ್ತಲನೇ ಫಿಲಿಪ್ಪಿಯಲ್ಲಿ, ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಪತಿಗಳು ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ, ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟುಹಿಡಿದನು (ಅ. ಕೃ. 16:37). ಅಧಿಕಾರವು ತನ್ನದೇ ಕಾನೂನನ್ನು ಪಾಲಿಸಲಿ ಎಂದು ಕೇಳುವುದು ದಂಗೆಯಲ್ಲ. ನೋಟೀಸು ಎಲ್ಲಿ, ಆದೇಶ ಎಲ್ಲಿ, ಬದಲಿ ನೆಲೆ ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೈಮುಗಿದೇ ಕೇಳಬಹುದು.

ಸಭಾಪಾಲಕರ ಪಾಲು

ಸಂಘಟಕರ ಕೆಲಸವನ್ನು ನಾವು ಕಸಿದುಕೊಳ್ಳಬಾರದು. ನಮ್ಮಲ್ಲಿ ಧ್ವನಿವರ್ಧಕವಿದೆ, ಮಾತಾಡುವ ಅಭ್ಯಾಸವಿದೆ, ಅಧಿಕಾರಿಗಳು ಕುರ್ಚಿ ಕೊಡುತ್ತಾರೆ. ಆದ್ದರಿಂದಲೇ ಮುಂದಾಳಾಗುವ ಶೋಧನೆ ನಮಗೆ ಹೆಚ್ಚು. ಆ ಕುರ್ಚಿಯನ್ನು ಕೇರಿಯ ಹೆಂಗಸೊಬ್ಬಳಿಗೆ ಬಿಟ್ಟುಕೊಟ್ಟು ಹಿಂದೆ ನಿಲ್ಲುವುದು ಕಲಿಯಬೇಕಾದ ಶಿಸ್ತು. ಸಭೆಯಲ್ಲಿ ಇರುವುದನ್ನು ಕೊಡೋಣ: ಕೂಟ ಸೇರಲು ಸಭಾಂಗಣ, ಕಾಗದಗಳ ನಕಲನ್ನು ಇಡಲು ಬೀರು, ವಕೀಲರಾದ ಸಭಿಕರ ಪರಿಚಯ, ಕೆಡವಿದ ರಾತ್ರಿ ಮಕ್ಕಳಿಗೂ ಬಾಣಂತಿಯರಿಗೂ ಸೂರು. ತೆರವಿನ ಮರುದಿನ ಮಕ್ಕಳ ಪುಸ್ತಕ, ಮುದುಕರ ಮಾತ್ರೆ, ಕೂಲಿಗೆ ಹೋಗಲಾಗದ ದಿನಗಳ ಅಕ್ಕಿ ಇವೂ ಹೋರಾಟದ ಭಾಗವೇ. ಹಸಿದವರು ಹೆಚ್ಚು ದಿನ ಒಗ್ಗಟ್ಟಾಗಿರಲಾರರು. ನೆಹೆಮೀಯನು ಬಡವರ ಮೊರೆಯನ್ನು ಕೇಳಿ ದೊಡ್ಡ ಸಭೆಯನ್ನು ಕೂಡಿಸಿದ್ದು (ನೆಹೆ. 5) ಗೋಡೆ ಕಟ್ಟುವ ಕೆಲಸದ ನಡುವೆಯೇ. ಸಭಾಮಂದಿರದ ಕಟ್ಟಡ ನಿಧಿಯ ಕಾರಣ ಹೇಳಿ ನಾವು ಮುಂದೂಡುವಾಗ ಇದನ್ನು ನೆನೆಯಬಹುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೇರಿಯಲ್ಲಿ ಎಲ್ಲ ಮತದವರೂ ಇರುತ್ತಾರೆ; ಕ್ರೈಸ್ತರು ಅಲ್ಲಿದ್ದರೆ ಮತಾಂತರಕ್ಕೆ ಬಂದವರೆಂದು ಹೇಳಲು ಕಾದಿರುವವರೂ ಇರುತ್ತಾರೆ. ಆ ಒಂದು ಆರೋಪ ಇಡೀ ಕೇರಿಯ ಹೋರಾಟವನ್ನು ಮುರಿಯಬಲ್ಲದು. ಆದ್ದರಿಂದ ಮನೆ ಕಳೆದುಕೊಂಡವರ ನಡುವೆ ಕರಪತ್ರ ಹಂಚುವುದು ಬೇಡ, ನೆರವಿನ ಪಟ್ಟಿಯಲ್ಲಿ ನಮ್ಮವರನ್ನು ಮೊದಲು ಬರೆಯುವುದೂ ಬೇಡ. ಇದನ್ನು ಸುವಾರ್ತೆಯ ಬಗ್ಗೆ ನಾಚಿಕೆಯೆಂದು ತಿಳಿಯಬಾರದು. ವಿಧವೆಯು ನ್ಯಾಯಾಧಿಪತಿಯ ಬಳಿಗೆ ಮತ್ತೆ ಮತ್ತೆ ಹೋಗುತ್ತಿದ್ದಾಗ (ಲೂಕ 18) ಆಕೆಗೆ ಬೇಕಾಗಿದ್ದುದು ನ್ಯಾಯ.

ಕಡೆಯದಾಗಿ, ಹೇಳಲು ಕಷ್ಟವಾದ ಒಂದು ವಿಷಯ. ನಮ್ಮ ಪಟ್ಟಣಗಳಲ್ಲಿ ಸಭೆಯೂ ಭೂಮಾಲೀಕನೇ. ಮಿಷನರಿಗಳ ಕಾಲದಿಂದ ಬಂದ ಆವರಣಗಳ ಅಂಚಿನಲ್ಲಿ ಅಡಿಗೆಯವರ, ಕಾವಲುಗಾರರ, ಹಿಂದಿನ ಶಾಲಾ ಆಯಾಗಳ ಮಕ್ಕಳು ಮೊಮ್ಮಕ್ಕಳು ಕಾಗದವಿಲ್ಲದೆ ನೆಲೆಸಿರುವ ಕಡೆಗಳಿವೆ. ನೆಲದ ಬೆಲೆ ಏರಿದಂತೆ, ವಾಣಿಜ್ಯ ಮಳಿಗೆಯ ನಕ್ಷೆ ಸಿದ್ಧವಾದಂತೆ, ಅವರಿಗೂ ನೋಟೀಸು ಹೋಗುತ್ತದೆ, ಕೆಳಗೆ ನಮ್ಮವರದೇ ಸಹಿ ಇರುತ್ತದೆ. ಭೂಮಿಯು ತನ್ನದು, ನೀವು ಅದರಲ್ಲಿ ಪ್ರವಾಸಿಗಳು ಎಂದು ಯಾಜಕಕಾಂಡ 25ರಲ್ಲಿ ದೇವರು ಹೇಳಿದ್ದು ಆಸ್ತಿ ಸಮಿತಿಗೂ ಅನ್ವಯಿಸುತ್ತದೆ. ಹೊಸದಾಗಿ ಸಭೆಯೊಂದಕ್ಕೆ ನೇಮಕವಾದವರು ಮೊದಲ ತಿಂಗಳಲ್ಲೇ ಆವರಣವನ್ನು ಒಮ್ಮೆ ಸುತ್ತಿ, ಅಲ್ಲಿ ಯಾರು ಯಾರು ಎಷ್ಟು ಕಾಲದಿಂದ ವಾಸವಾಗಿದ್ದಾರೆ, ಅವರ ಕೈಯಲ್ಲಿ ಏನು ಬರಹವಿದೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಒಂದು ಪಟ್ಟಿ ಮಾಡಬಹುದು. ಅದನ್ನು ಸಭಾ ಸಮಿತಿಯ ಮುಂದಿಟ್ಟು, ನಡವಳಿ ಪುಸ್ತಕದಲ್ಲಿ ದಾಖಲಿಸಿ, ಒಂದು ಪ್ರತಿಯನ್ನು ಆ ಮನೆಗಳವರಿಗೇ ಕೊಡಬೇಕೆಂದು ನಮ್ಮ ಸೂಚನೆ.